ಹದ್ದುಬಸ್ತು

ವಾರದ ದಿನಗಳಲ್ಲಿ ನಾನು ತಾಲ್ಲೂಕು ಕಚೇರಿಯ ಸರ್ವೆಯರು.
ಸರಪಳಿ ಹೋಗಿ ಯಂತ್ರ ಬಂತು, ಜಗಳ ಅದೇ ಹಳೆಯದು:
ಬಾಂದುಕಲ್ಲನ್ನು ಯಾರು, ಯಾವ ರಾತ್ರಿ, ಎಷ್ಟು ಮೊಳ ಸರಿಸಿದರು.
ಮಾಸಿದ ನಕ್ಷೆ ಬಿಚ್ಚುತ್ತೇನೆ, ಗೂಟ ಹೊಡೆಸುತ್ತೇನೆ,
ಕೊನೆಗೆ ಎರಡೂ ಕಡೆಯವರು ನನ್ನನ್ನೇ ಬೈಯುತ್ತಾರೆ.

ಭಾನುವಾರ, ಮಾಕಳಿ ಬೆಟ್ಟದ ಅಂಚು.
ಮೂವತ್ತು ಕಿಲೋ ರೆಕ್ಕೆ ಹೆಗಲ ಮೇಲೆ.
ಹಿಡಿಕಂಬಿಗೆ ಕಟ್ಟಿದ ಪುಟ್ಟ ಪರದೆಯಲ್ಲಿ
ಯಲಹಂಕ, ಜಕ್ಕೂರು, ದೇವನಹಳ್ಳಿ:
ಚಹಾ ಲೋಟ ಇಟ್ಟೆತ್ತಿದ ಕಲೆಗಳ ಹಾಗೆ
ಅಂಚಿಗೆ ಅಂಚು ಹಾಯ್ದ ಕೆಂಪು ವೃತ್ತಗಳು.
ಈ ವಾರ ಯಲಹಂಕದ್ದು ಇನ್ನೂ ಹಿಗ್ಗಿದೆ,
ವಿಮಾನ ಪ್ರದರ್ಶನದ ತಾಲೀಮಂತೆ.

ನಾಲ್ಕು ಹೆಜ್ಜೆ ಓಡಿದೆ.
ಐದನೆಯದಕ್ಕೆ ನೆಲವಿರಲಿಲ್ಲ.

ಮಧ್ಯಾಹ್ನಕ್ಕೆ ಕಾದ ಕಲ್ಲುಗಣಿ ಉಸಿರು ಬಿಡುತ್ತದೆ.
ಅದನ್ನು ಕಣ್ಣಿನಿಂದ ಹುಡುಕಲಾಗದು.
ಎಡರೆಕ್ಕೆ ಕೂದಲೆಳೆಯಷ್ಟು ಎದ್ದರೆ ಸಾಕು,
ಬಾಗಿಲ ಹಿಂದೆ ಯಾರೋ ನಿಂತಿದ್ದಾರೆಂದು ತಿಳಿದ ಹಾಗೆ
ಅತ್ತಲೇ ತಿರುಗಬೇಕು.
ಸುತ್ತು, ಮತ್ತೊಂದು ಸುತ್ತು. ಕಿವಿಯಲ್ಲಿ ಏರುಮಾಪಕದ ಕುಂಯ್ ಕುಂಯ್.

ಮೇಲಿನಿಂದ ಗಡಿಗಳೇ ಕಾಣುವುದಿಲ್ಲ ಅನ್ನುತ್ತಾರೆ. ಸುಳ್ಳು.
ಎಲ್ಲ ಕಾಣುತ್ತವೆ: ಬದು, ಬೇಲಿ, ನೀಲಗಿರಿ ಸಾಲು,
ಕೆರೆಯಂಗಳಕ್ಕೇ ನುಗ್ಗಿದ ಬಡಾವಣೆಯ ಸುಣ್ಣದ ಗೆರೆ.
ಕಾಣದಿರುವುದು
ನಾನಿರುವ ಜಾಗದ್ದೊಂದೇ.

‘ಅಕ್ಕಾ, ಎಡಕ್ಕೆ ಬರಬೇಡಿ, ಇನ್ನೊಂದೇ ಕಿಲೋಮೀಟರು,’
ರೇಡಿಯೋದಲ್ಲಿ ಪಿಳ್ಳಣ್ಣ, ಕೆಳಗೆ ಜೀಪಿನ ಧೂಳು.

ಎಡಕ್ಕೆ ಮಬ್ಬು, ಮಬ್ಬಿನೊಳಗೆ ಬೆಂಗಳೂರು.
ಅದರ ಈಚೆಯಂಚಿಗೆ ಅಟ್ಟೂರು ಬಡಾವಣೆ,
ಅಲ್ಲಿ ಮೂವತ್ತು ನಲವತ್ತರ ನನ್ನ ಸೈಟು.
ಖಾತೆಯಿದೆ, ಕಂದಾಯದ ರಸೀತಿಯಿದೆ,
ಚೆಕ್ಕುಬಂದಿ ನಾನೇ ಬರೆಸಿದ್ದು:
ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಮೋರಿ,
ಉತ್ತರಕ್ಕೆ ರೇಣುಕಪ್ಪನವರ ಮನೆ, ದಕ್ಷಿಣಕ್ಕೆ ಖಾಲಿ ನಿವೇಶನ.
ಮೇಲಕ್ಕೆ ಯಾರೆಂದು ಬರೆಯುವ ಕಲಮು
ಆ ಫಾರಮಿನಲ್ಲಿ ಇರಲಿಲ್ಲ.

ದೊಡ್ಡ ಆಸೆಯೇನಲ್ಲ. ನನ್ನ ತಾರಸಿಯ ಮೇಲೆ ಒಂದು ಸುತ್ತು.
ತಂತಿಯಲ್ಲಿ ಒಣಗುವ ನನ್ನದೇ ಬಟ್ಟೆಯನ್ನು
ಒಮ್ಮೆ ಬೇರೆಯವರ ಹಾಗೆ ನೋಡಬೇಕು.

ಮೋಡ ಆಚೆ ಕಟ್ಟುತ್ತಿತ್ತು, ಅಡಿ ಕಪ್ಪಗೆ, ಭರ್ತಿ.
ಅಷ್ಟು ಹೊತ್ತೂ ನನ್ನೊಡನೆ ಸುತ್ತಿದ ಹದ್ದು
ಕತ್ತು ಹೊರಳಿಸಿ ಒಮ್ಮೆ ನೋಡಿ
ಗೆರೆ ದಾಟಿ ಹೋಯಿತು.
ಹದ್ದಿಗೆ ಎಲ್ಲಿಯ ಹದ್ದು?

ಅದಕ್ಕೂ ಆದೇಶವಿದೆ. ತಾಲೀಮು ಮುಗಿಯುವ ತನಕ
ಆ ಸುತ್ತಿನ ಮಾಂಸದಂಗಡಿಗಳಿಗೆಲ್ಲ ಬೀಗ.
ಓದಲು ಬಾರದವಕ್ಕೆ ಹಸಿವಿನಲ್ಲಿ ಬರೆದ ಸುತ್ತೋಲೆ.
ಪಿಳ್ಳಣ್ಣನದೂ ಕೋಳಿಯಂಗಡಿ.
ಇಲ್ಲದಿದ್ದರೆ ಭಾನುವಾರ ಜೀಪು ಓಡಿಸಲು
ಅವನಿಗೆಲ್ಲಿಯ ಪುರುಸೊತ್ತು.

ಏರುತ್ತಿದ್ದ ಗಾಳಿಯನ್ನು ಏರುತ್ತಿರುವಾಗಲೇ ಬಿಟ್ಟು
ಬಲಕ್ಕೆ ತಿರುಗಿದೆ.
ಸಜ್ಜನಿಕೆಯಲ್ಲ. ನಾಳೆ ಗೂಟದ ಮುಂದೆ ನಿಂತು
‘ಇಷ್ಟೇ ನಿಮ್ಮದು’ ಅನ್ನಬೇಕಲ್ಲ.
ಬಲಕ್ಕೆ ಏನೂ ಇರಲಿಲ್ಲ. ಹಗ್ಗ ಕಳಚಿದ ಕೊಡದ ಹಾಗೆ ಇಳಿದೆ,
ಹೆದ್ದಾರಿಯ ಸದ್ದು, ನಾಯಿಯ ಸದ್ದು, ಆಮೇಲೆ
ಮಧುರೆಯ ಈಚೆ, ಕೊಯ್ದ ರಾಗಿಯ ಕೂಳೆ ಮೊಣಕಾಲಿಗೆ ಚುಚ್ಚಿತು.

ಬದುವಿನ ಮೇಲೆ ಮುದುಕನೊಬ್ಬ.
ರೆಕ್ಕೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದ,
ಆಮೇಲೆ ನನ್ನ ಮುಖ.
‘ಹೋದ ವರ್ಷ ನಮ್ಮದು ಅಳೆದವಳು ನೀನೇ ಅಲ್ಲವೇನವ್ವ?’
ಹೌದು.
‘ಅವತ್ತು ಕಾರಲ್ಲಿ ಬಂದಿದ್ದೆ.’
ಹೌದು.
‘ಅರ್ಧ ರೆಕ್ಕೆ ನನ್ನಲ್ಲಿದೆ, ಇನ್ನರ್ಧ ತಮ್ಮನ ಹೊಲದಲ್ಲಿ.’

ತಲೆಯ ಮೇಲೆ ಐದು ವಿಮಾನ ಒಟ್ಟಿಗೆ ಸೀಳಿಹೋದವು,
ಸದ್ದು ಅವುಗಳ ಹಿಂದೆ ಓಡಿಬಂತು.
ಅವನು ತಲೆಯೆತ್ತಲೂ ಇಲ್ಲ.
‘ಮೊದಲು ಅವನ ಕಡೆಯದು ಮಡಚು,’ ಅಂದ.

ಪಟ್ಟಿಗಳನ್ನು ಒಂದೊಂದಾಗಿ ಎಳೆದು
ಅವನ ಕಡೆಯದನ್ನೇ ಮೊದಲು ಮಡಚಿದೆ.