ಹೊಳೆ ನೋಡ್ತಾ ಐತೆ

ದಿನಕ್ಕೆ ನಾನೂರು ರೂಪಾಯಿ, ಮಧ್ಯಾಹ್ನದ ಊಟ,
ಒಂದು ಕ್ಲಿಪ್ಪಿನ ಹಲಗೆ, ದಾರ ಕಟ್ಟಿದ ಪೆನ್ನು.
ಶಿವಮೊಗ್ಗದ ಟಾಕೀಸಿನ ಗೇಟಿನಲ್ಲಿ
ಮ್ಯಾಟಿನಿ ಬಿಡುವುದನ್ನೇ ಕಾಯುತ್ತ ನಿಂತಿದ್ದೆ.
ಪರಿಸರದ ಸಿನಿಮಾ.
ನೋಡಿದವರ ಮನಸ್ಸು ಎಷ್ಟು ಬದಲಾಯಿತು ಎಂದು ಕೇಳಿ
ಒಂದರಿಂದ ಐದರೊಳಗೆ
ಯಾವುದಾದರೂ ಸೊನ್ನೆ ತುಂಬಬೇಕು.

ಬಾಗಿಲು ತೆರೆಯಿತು.
ಕಣ್ಣು ಕಿರಿದು ಮಾಡಿಕೊಂಡು ಬಿಸಿಲಿಗೆ ಬಂದರು.
"ಫೈಟು ಸೂಪರ್."
"ಸೆಕೆಂಡ್ ಹಾಫ್ ಎಳೆದುಬಿಟ್ಟಿದಾರೆ."
"ಹೀರೋಯಿನ್ ಪಾಪ, ಅಷ್ಟು ಹೊತ್ತು ನೀರಲ್ಲೇ ನಿಂತಿದ್ಲು,
ನೆಗಡಿ ಆಗಲ್ವಾ?"
ಒಬ್ಬ ಐದಕ್ಕೆ ಹಾಕು ಅಂದ. ಯಾವ ಪ್ರಶ್ನೆಗೆ ಅಂದೆ.
ಎಲ್ಲಕ್ಕೂ ಹಾಕಮ್ಮ, ಬಸ್ಸಿದೆ.

ಸಾಮಿಲ್ಲಿನ ಸೇವ್ಯಾನಾಯ್ಕರು ಮಾತ್ರ ನಿಂತು
ಕನ್ನಡಕ ಒರೆಸಿಕೊಂಡರು.
"ಆ ದೊಡ್ಡ ಮರ ಬಿತ್ತಲ್ಲ, ಎಲ್ಲ ಅತ್ತರಲ್ಲ,
ಅದು ಹೊನ್ನೆ ಅಂತೆ.
ಹೊನ್ನೆ ಹಾಗಿರಲ್ಲ ಕಣಮ್ಮ.
ಕೊಯ್ದರೆ ಕೆಂಪಗೆ ಒಸರುತ್ತೆ, ಗರಗಸದ ಹಲ್ಲಿಗೆ ಅಂಟುತ್ತೆ,
ಅಂಗಿ ನೋಡಿ ಮನೇಲಿ ಗಾಬರಿ ಬೀಳ್ತಾರೆ.
ಇವರು ಬೀಳಿಸಿದ್ದು ಅಕೇಶಿಯಾ.
ಮೂವತ್ತೊಂದು ವರ್ಷ ಕೊಯ್ದಿದೀನಿ,
ನನಗೆ ಅಳು ಬರಲಿಲ್ಲ."
ಆಮೇಲೆ, ಮೆಟ್ಟಿಲಿಳಿದು, ತಿರುಗಿ,
"ಹೊನ್ನೇನೇ ಆಗಿದ್ದರೆ ಬರ್ತಿತ್ತೇನೋ."
ಇದು ಎಷ್ಟನೇ ಸೊನ್ನೆ?
ಪೆನ್ನು ದಾರದ ತುದಿಗೆ ತೂಗಾಡಿತು.

ಹೊಲಿಗೆಯ ಫಿಲೋಮಿನಾ ಬಾಯಿ ಹೇಳಿದ್ದು:
"ಹೀರೋ ಭಾಷಣ ಶುರು ಮಾಡಿದ್ದೇ
ನಮ್ಮ ಸಾಲಿಗೆ ಸಾಲೇ ಎದ್ದು ಬೀಡಿಗೆ ಹೋಯ್ತು,
ಕಾಲು ಮುದುರಿ ಮುದುರಿ ಸಾಕಾಯ್ತು.
ಆದರೆ ಆ ಮುದುಕಿ, ಒಂದೇ ಸೀನು ಬರ್ತಾಳೆ ನೋಡು,
ತುಂಬಿದ ಕೊಡದಿಂದ ಒಂದು ಬೊಗಸೆ
ತಿರುಗಿ ಹೊಳೆಗೇ ಬಿಡ್ತಾಳಲ್ಲ,
ಮಾತಿಲ್ಲ, ಮ್ಯೂಸಿಕ್ಕಿಲ್ಲ,
ಆಗ ಹುರಿಗಡಲೆ ಅಗಿಯೋ ಸದ್ದೂ ನಿಂತಿತ್ತು.
ಗಮನಿಸಿದೆಯಾ?"
ನಾನು ಗೇಟಿನ ಹೊರಗಿದ್ದೆ.

ಮೂರು ದಿನದ ಹಾಳೆ ಕೂಡಿಸಿ
'ಪರಿಣಾಮ: ಅಲ್ಪ' ಎಂದು ಬರೆದುಕೊಟ್ಟೆ.
ದುಡ್ಡು ಬಂತು. ಸಿನಿಮಾ ಹೋಯಿತು.

ಅದರ ಒಂದು ಮಾತು ಹೋಗಲಿಲ್ಲ.
ಕೊನೆಯಲ್ಲಿ ಖಳನ ಮುಖಕ್ಕೆ ಬೆರಳು ನೀಟಿ
ಹೀರೋ ಹೇಳುತ್ತಾನಂತೆ, ಹೊಳೆ ನೋಡ್ತಾ ಇದೆ ಅಂತ.
ಹೊಳೆ ಬಸ್‌ಸ್ಟಾಪಿನಲ್ಲಿ
ಎರಡು ರೂಪಾಯಿ ಚಿಲ್ಲರೆ ನುಂಗಿದ ಕಂಡಕ್ಟರಿಗೆ,
"ಹೊಳೆ ನೋಡ್ತಾ ಐತೆ ಸಾರ್!"
ಇಸ್ಪೀಟಿನ ಎಲೆ ಬಚ್ಚಿಟ್ಟವನಿಗೆ,
ಸಕ್ಕರೆ ಕಾಯಿಲೆಯಲ್ಲೂ ಎರಡನೇ ಸಲ ಪಾಯಸಕ್ಕೆ ಕೈಯೊಡ್ಡಿದ
ನಮ್ಮ ಸೋದರಮಾವನಿಗೆ ಇಡೀ ಪಂಕ್ತಿ ಸೇರಿ.
ಛತ್ರದ ಗೋಡೆಗೆ ಮುಖ ಮಾಡಿ ನಿಂತವನೊಬ್ಬ
ಬೆನ್ನ ಹಿಂದೆ ಆ ಕೂಗು ಬಿದ್ದದ್ದೇ
ಅರ್ಧಕ್ಕೇ ಜಿಪ್ಪೆಳೆದುಕೊಂಡು ಓಡಿದ.
ಪೇಟೆಯ ಒಂದು ನಾಯಿಗೂ ಈಗ ಅದೇ ಹೆಸರಂತೆ,
ಕರೆದರೆ ಬರುತ್ತದೆ.

ಮೊನ್ನೆ ರಾತ್ರಿ ಹತ್ತೂವರೆ, ತುಂಗೆಯ ಹಳೇ ಸೇತುವೆ.
ಕೋಳಿ ಅಂಗಡಿಯ ಮೂಟೆಯೊಂದನ್ನು
ಸ್ಕೂಟರಿನಿಂದ ಇಳಿಸಿ ಕಟ್ಟೆಯ ಮೇಲಿಟ್ಟಿದ್ದ ಒಬ್ಬ.
ಪುಕ್ಕ, ಕರುಳು, ನೊಣ. ವಾಸನೆ ನನಗೂ ಬಡಿಯಿತು.
ದಾಟುತ್ತಿದ್ದ ಆಟೋದೊಳಗಿಂದ
ಯಾರೋ ಹೆಂಗಸು, ನಗುತ್ತಲೇ,
ಅದನ್ನೇ ಕೂಗಿದಳು.
ಅವನೂ ನಕ್ಕ.
ಮೂಟೆಯ ಬಾಯಿ ಹಿಡಿದ ಕೈ ಹಾಗೇ ಇತ್ತು.
ಒಂದು ಲಾರಿ ಹೋಯಿತು. ಇನ್ನೊಂದು.
ಆಮೇಲೆ ಎಸೆದ.
ಎಸೆದು, ಕೈ ಪ್ಯಾಂಟಿಗೆ ಒರೆಸಿಕೊಳ್ಳುತ್ತ,
ಸ್ಕೂಟರಿನ ಕಡೆ ಎರಡು ಹೆಜ್ಜೆ ಹೋದವನು
ಮತ್ತೆ ಬಂದು, ಬಗ್ಗಿ,
ಕೆಳಗಿನ ಕತ್ತಲೆಯಲ್ಲಿ
ಅದು ನೋಡ್ತಾ ಐತಾ ಅಂತ
ನೋಡಿದ.