ಲಕೋಟೆಯೊಳಗಿನ ಆನೆ

ಹೇಸ್ಟಿಂಗ್ಸ್‌ನ ದಂಡೆ ಮರಳಿನದಲ್ಲ, ಬೆಣಚುಕಲ್ಲಿನದು;
ಅಲೆ ಹಿಂದೆ ಸರಿದಾಗ
ಸೋತವನು ಕಾಯಿಗಳನ್ನು ಡಬ್ಬಿಗೆ ಗುಡಿಸಿಹಾಕಿದ ಸದ್ದು.
ಐವತ್ತು ಜನವರಿ ಕೇಳಿದ್ದೇನೆ ಇದನ್ನು,
ಗೆದ್ದ ರಾತ್ರಿಗಳಲ್ಲಿ ಸ್ವಲ್ಪ ಕಡಿಮೆ.

ಮಂಗಳವಾರ ಎರಡು ಗಂಟೆಗೆ
ಗುಡ್ಡದ ಮೇಲಿನ ಆರೈಕೆ ಮನೆಗೆ ಹೋಗುತ್ತೇನೆ.
ಲೆನರ್ಡ್ ಅಕ್ರಾಯ್ಡ್ ಕಿಟಕಿಗೆ ಬೆನ್ನು ಮಾಡಿ ಕೂತಿರುತ್ತಾನೆ:
ಬೆಳಕೆಲ್ಲ ಎದುರಾಳಿಯ ಕಣ್ಣಿಗೆ ಬೀಳಲಿ.
ಆ ಹಳೇ ಕುತಂತ್ರ ಮರೆತಿಲ್ಲ,
ಮಗಳ ಹೆಸರು ಮರೆತಿದ್ದಾನೆ.

ಮೂವತ್ತೇಳು ಆಟ ನಮ್ಮ ನಡುವೆ.
ಅವನದು ಹನ್ನೊಂದು, ನನ್ನದು ಒಂಬತ್ತು,
ಉಳಿದದ್ದು ಡ್ರಾ, ಅಂದರೆ
ಇಬ್ಬರೂ ಹೆದರಿದ ಸಂಜೆಗಳು.
ಪತ್ರಿಕೆಯವರು ಹಗೆ ಎಂದು ಬರೆದರು.
ಹಗೆಗೆ ಅಷ್ಟು ಪುರುಸೊತ್ತು ಎಲ್ಲಿತ್ತು?
ಹೆಂಡತಿಯ ಮುಖಕ್ಕಿಂತ ಹೆಚ್ಚು ಹೊತ್ತು ನೋಡಿದ್ದೇನೆ ಅವನದನ್ನು;
ಎಡಗಿವಿ ಕೆಂಪಾಯಿತೋ, ಅವನಿಗೇನೋ ಕಂಡಿದೆ.
ನನ್ನ ಗುಟ್ಟು ಅವನಿಗೂ ಗೊತ್ತಿತ್ತಂತೆ:
ದಿಗಿಲಾದಾಗ ನಾನು ಕನ್ನಡದಲ್ಲಿ ಎಣಿಸುತ್ತೇನೆ,
ತುಟಿ ಅಲ್ಲಾಡುತ್ತದೆ.

ಬ್ರಾಡ್‌ಫರ್ಡಿನ ಉಣ್ಣೆ ಗಿರಣಿಯ ಹುಡುಗ ಅವನು.
ನಾನು ಕೋಲಾರದ ಚಿನ್ನದ ಗಣಿಯ ಗುಮಾಸ್ತನ ಮಗ,
ಸೋದರತ್ತೆ ಸೀಮೆಸುಣ್ಣದಲ್ಲಿ ಬರೆದ ಮನೆಗಳಲ್ಲಿ
ಹುಣಿಸೆಬೀಜ ನಡೆಸಿ ಕಲಿತವನು.
‘ಬಿಷಪ್ಪಿಗೆ ನಿಮ್ಮಲ್ಲಿ ಏನಂತಾರೆ?’
‘ಒಂಟೆ.’
ಟೀ ಮೂಗಿಗೆ ಹತ್ತುವಷ್ಟು ನಕ್ಕಿದ್ದ.
ಆಮೇಲೆ ಯಾವಾಗ ಮೂಲೆಯಿಂದ ಮೂಲೆಗೆ ಹೊಡೆದರೂ
‘ಮರಳುಗಾಡು ದಾಟಿ ಬಂತು, ಶೇಷ್’ ಎನ್ನುವನು.

ಎಪ್ಪತ್ತೊಂದರ ಆ ಆಟ.
ಐದು ಗಂಟೆ ಮುಗಿದು, ನಲವತ್ತೊಂದನೆಯ ನಡೆ
ನಾನು ಚೀಟಿಯಲ್ಲಿ ಬರೆದು ಲಕೋಟೆ ಅಂಟಿಸಬೇಕು;
ಬೆಳಿಗ್ಗೆ ಒಡೆದು ಮುಂದುವರಿಸುವುದು, ಆಗಿನ ಪದ್ಧತಿ.
ಅಂಟು ನಾಲಗೆಗೆ ಕಹಿ.
ಮೆಟ್ಟಿಲಿಳಿಯುವಾಗಲೇ ಹೊಳೆಯಿತು:
ತಳ್ಳಬೇಕಿದ್ದದ್ದು ಕಾಲಾಳು,
ಬರೆದದ್ದು ಆನೆ.
ಬಾಡಿಗೆ ಕೋಣೆಯ ಹೀಟರಿಗೆ ಶಿಲಿಂಗ್ ಮೇಲೆ ಶಿಲಿಂಗ್ ಹಾಕುತ್ತ
ಸತ್ತ ಆನೆಯ ಪಕ್ಕ ಜಾಗರಣೆ ಮಾಡಿದೆ.

ಬೆಳಿಗ್ಗೆ ಅವನು ಬಂದ, ಗಡ್ಡ ಹೆರೆದಿರಲಿಲ್ಲ.
ಕೂರುವ ಮೊದಲೇ ಕೈ ಚಾಚಿದ: ‘ಡ್ರಾ?’
ಯೋಚಿಸುವವನಂತೆ ನಟಿಸಿದೆ,
ಗಡಿಯಾರದ ಧೂಳು ಕೂಡ ಒರೆಸಿದೆ.
ತೀರ್ಪುಗಾರರು ಲಕೋಟೆಯನ್ನು ಒಡೆಯದೆ ನನಗೇ ಕೊಟ್ಟರು.
ಕಡಲಿಗೆ ಎಸೆದೆ. ಅಲೆ ಎರಡು ಸಲ ವಾಪಸ್ ತಂದಿತು.
ಆ ಅರ್ಧ ಅಂಕದಿಂದ ನಾನು ಗ್ರ್ಯಾಂಡ್‌ಮಾಸ್ಟರ್.

ಕಂಡಾಗಲೆಲ್ಲ ಕೇಳುತ್ತಿದ್ದ, ‘ಏನು ಬರೆದಿದ್ದೆ?’
ಕಾಲಾಳು, ಎಂದೆ ಬೆಲ್‌ಗ್ರೇಡಿನಲ್ಲಿ.
ಕಾಲಾಳು, ಅವನ ಹೆಂಡತಿಯ ಶವಸಂಸ್ಕಾರದ ದಿನ ಕೂಡ.
ಹೇಳಿ ಹೇಳಿ ಸುಳ್ಳು
ನಾನೇ ಬರೆದ ಪುಸ್ತಕದಲ್ಲಿ ಅಚ್ಚಾಯಿತು,
ಪಕ್ಕದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ.

ಈ ಮಂಗಳವಾರ ಮತ್ತೆ ಕೇಳಿದ.
ಯಾಕೋ, ಕಿಟಕಿಯ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು:
‘ಆನೆ’ ಎಂದೆ.

ನಡುಗುವ ಕೈಯಲ್ಲಿ ಒಂದೊಂದೇ ಕಾಯಿ ಇಟ್ಟ,
ಆ ಸ್ಥಿತಿಯನ್ನೇ, ಒಂದೂ ತಪ್ಪದೆ.
ತುಂಬಾ ಹೊತ್ತು ನೋಡಿದ.
‘ರಾತ್ರಿಯಿಡೀ ಕಾಲಾಳನ್ನೇ ನೋಡಿದೆ ನಾನು.
ಮುರಿಯೋಕಾಗಲಿಲ್ಲ. ಅದಕ್ಕೇ ಕೈ ಕೊಟ್ಟೆ.
ನೀನು ತಪ್ಪು ಬರೆದಿರಬಹುದು ಅಂತ
ನನಗೆ ಹೊಳೆಯಲೇ ಇಲ್ಲವಲ್ಲ, ಶೇಷ್.’

ಹನ್ನೊಂದು ಸೋಲು ಕಂಡವನು ನಾನು,
ಎದ್ದು ಕೈಕುಲುಕಿ ನಗುವುದು ರೂಢಿ.
ಅಂದು ಏಳಲಾಗಲಿಲ್ಲ.

ಅವನ ಎಡಗಿವಿ ನಿಧಾನವಾಗಿ ಕೆಂಪಾಯಿತು.
ದೂರದ ಮೂಲೆಯಿಂದ ಒಂಟೆ ಹೊರಟಿತು,
ಒಂದು ಕಡೆ ಜಾರಿ, ಮತ್ತೆ ಎದ್ದು.
ನನ್ನ ಆನೆಯನ್ನು ಎತ್ತಿ
ಸ್ವೆಟರಿನ ಜೇಬಿಗೆ ಹಾಕಿಕೊಂಡ.
‘ಹನ್ನೆರಡು’ ಎಂದ.

ನರ್ಸ್ ಕೇಳಿದರೂ ಕೊಡಲಿಲ್ಲವಂತೆ,
ತಲೆದಿಂಬಿನಡಿ ಇಟ್ಟುಕೊಂಡೇ ಮಲಗುತ್ತಾನಂತೆ.
ಈಗ ನನ್ನ ಕಡೆಯ ಮೂಲೆಯಲ್ಲಿ
ಊಟದ ಮನೆಯ ಉಪ್ಪಿನ ಡಬ್ಬಿ;
ನೇರ ನಡೆಯುತ್ತದೆ, ಸ್ವಲ್ಪ ಚೆಲ್ಲುತ್ತದೆ.