ತೇಲಿ ಬಂದ ಮನೆ

ಮನೆ ಕಟ್ಟಿ ನೋಡು ಅನ್ನುತ್ತಾರೆ.
ನ್ಯೂಫೌಂಡ್‌ಲ್ಯಾಂಡಿನ ಗಾರ್ಲಂಡ್ ಪೆಲ್ಲಿ
ಕಟ್ಟಿದ್ದನ್ನು ಕಡಲಿಗಿಳಿಸಿ ನೋಡಿದ.
ಸುತ್ತ ಮೀನೆಣ್ಣೆಯ ಖಾಲಿ ಪೀಪಾಯಿ ನಲವತ್ತು,
ಎಳೆಯಲು ಐದು ದೋಣಿ.
ದ್ವೀಪದಲ್ಲಿ ಉಳಿದದ್ದು ಚರ್ಚು, ಗೋರಿಗಳು,
ಹೊಸ್ತಿಲ ಕೆಳಗಿನ ಮೂರು ಮೆಟ್ಟಿಲು.

ಹೆಂಡತಿ ಟ್ರೈಫೀನಾ ಒಲೆ ಆರಿಸಲು ಒಪ್ಪಲಿಲ್ಲ.
ಕೊಲ್ಲಿಯ ನಡುವೆ ಚಿಮಣಿ ಹೊಗೆಯಾಡಿತು;
ಈಚೆ ದಡದವರು ಹಡಗೆಂದುಕೊಂಡು
ಸರಕಿನ ಚೀಟಿ ಹಿಡಿದು ಓಡಿಬಂದರಂತೆ.

ಗೇಣುದ್ದ ನೀರು ಏರಿದ ಗೆರೆ
ಹಜಾರದ ಗೋಡೆಯಲ್ಲಿ ಇನ್ನೂ ಇದೆ.
ಎಷ್ಟು ಸಲ ಬಣ್ಣ ಬಳಿದರೂ
ಉಪ್ಪು ಮೇಲೇಳುತ್ತದೆ.

ಆಮೇಲೆ ಇದು ಅಂಚೆ ಕಚೇರಿ,
ಕೆಲಕಾಲ ಹಲ್ಲಿನ ಡಾಕ್ಟರ ಕೋಣೆ.
ಈಗ ಬಾಡಿಗೆಗೆ ನಾನು.
ಪುರಸಭೆಯ ಫಲಕದಲ್ಲಿ ೧೯೬೧ ಎಂದಿದೆ;
ಅದು ದಡ ಮುಟ್ಟಿದ ವರ್ಷ, ಅಷ್ಟೆ.

ಮನೆ ಬೀದಿಗೆ ಬೆನ್ನು ಮಾಡಿಯೇ ನಿಂತಿದೆ.
ತಿರುಗಿಸಲು ಯಾರಿಗೂ ಪುರುಸೊತ್ತಾಗಲಿಲ್ಲ,
ಇಲ್ಲವೇ ಟ್ರೈಫೀನಾ ಬಿಡಲಿಲ್ಲ.